ಅಮೆರಿಕದ ಕವಿಗೆ ತುತ್ತಿಟ್ಟವನು ನಾನು

ಮನೆಯಲ್ಲೊಬ್ಬ ಕವಿ ಹುಟ್ಟಿದರೆ ಇಂಥವು ನಡೆಯುತ್ತಲೇ ಇರುತ್ತವೆ, ಬೇಡ ಅಂದರೂ ಬಿಡುವುದಿಲ್ಲ. ಅಮೆರಿಕದ ವೆಸ್ಟ್ ವಿಂಡ್ಸರಿನಲ್ಲಿ ಹುಟ್ಟಿ ಬೆಳೆದ ನನ್ನ ಮೊಮ್ಮಗಳು ಈಗ ಇಂಗ್ಲಿಷಿನಲ್ಲಿ ದೊಡ್ಡ ಕವಿ. ಅವಳ ಮೇಲೆ ಯಾರ ಪ್ರಭಾವ ಅಂತ ಕಲಿತವರೆಲ್ಲ ಹುಡುಕುತ್ತಿದ್ದಾರೆ. ಹುಡುಕಲಿ! ನಾನು ಶಾಲೆ ಮುಂದೆ ಲಾರಿ ನಿಲ್ಲಿಸಿದವನೇ ಹೊರತು ಒಳಗೆ ಕಾಲಿಟ್ಟವನಲ್ಲ. ನಾಲ್ಕಕ್ಷರ ಕಲಿತದ್ದೂ ಮುಂದೆ ಹೋಗುವ ಲಾರಿಗಳ ಬೆನ್ನು ಓದಿ. ಆದರೂ ಆ ಪ್ರಭಾವ ನಾನೇ. ಅದನ್ನು ಅವಳ ಬಾಯಿಂದಲೇ, ಜನರೆದುರು ಹೇಳಿಸದೆ ಬಿಡುವವನಲ್ಲ.

೧

ಚಿಕ್ಕವಳಿದ್ದಾಗ ಅವಳಿಗೆ ಊಟ ಮಾಡಿಸುವುದು ನನ್ನ ಕೆಲಸ. ತುತ್ತಿಗೊಂದು ಹುಲಿ ಕಥೆ. ಒಂದು ದಿನ ಮಗಳು ಲ್ಯಾಪ್‌ಟಾಪ್ ಮುಂದಿನಿಂದಲೇ ಕೂಗಿದಳು: "ಅಪ್ಪಾಜಿ, ಮಗೂಗೆ ಬರೀ ಸುಳ್ಳು ಹೇಳ್ಬೇಡಿ!"

"ಆಯ್ತಮ್ಮ, ಇವತ್ತು ನಿಜಾನೇ ಹೇಳ್ತೀನಿ" ಅಂದೆ. ದಾವಣಗೆರೆಯಿಂದ ಹುಬ್ಬಳ್ಳಿಗೆ ಹೋಗೋವಾಗ ಎಲ್ಲೆಲ್ಲಿ ಡೀಸೆಲ್ ಸಿಗುತ್ತೆ ಅಂತ ಒಂದೊಂದಾಗಿ ಹೇಳಿದೆ. ಮಗು ಬಾಯಲ್ಲಿದ್ದ ಸಾರನ್ನವನ್ನೆಲ್ಲ ನನ್ನ ಜುಬ್ಬದ ಮೇಲೆ ಉಗಿಯಿತು.

ಮಗಳು ಬಟ್ಟೆ ಹಿಡಿದು ಓಡಿಬಂದಳು. "ಅಪ್ಪಾಜಿ, ಕೈ ಮುಗೀತೀನಿ, ಆ ಹುಲಿ ಕಥೇನೇ ಹೇಳಿಬಿಡಿ!"

೨

ಶಾಲೆಯಲ್ಲಿ 'ನಮ್ಮ ಮನೆಯ ಒಂದು ನಿಜ ಘಟನೆ' ಬರೆಯಿರಿ ಅಂದರಂತೆ. ಮೊಮ್ಮಗಳು ಬರೆದಳು: ಘಾಟಿಯಲ್ಲಿ ಲಾರಿ ಕೆಟ್ಟು ನಿಂತಾಗ ನಮ್ಮಜ್ಜ ಹುಲಿಯ ಕೈಲಿ ಅದನ್ನು ತಳ್ಳಿಸಿದರು. ಟೀಚರ್ ಕರೆಸಿದರು. ಮಗಳ ಜೊತೆ ನಾನೂ ಹೋದೆ.

"ಇದು ನಿಜವಾಗಿ ನಡೆದದ್ದಾ?" ಅಂತ ಟೀಚರ್ ಕೇಳಿದರು. ಮಗಳು ತಲೆ ತಗ್ಗಿಸಿ ನನಗದನ್ನು ಕನ್ನಡದಲ್ಲಿ ಹೇಳಿದಳು.

"ಇಲ್ಲಮ್ಮ, ತಪ್ಪು ಬರೆದಿದಾಳೆ" ಅಂದೆ. ಮಗಳಿಗೆ ಹೋದ ಜೀವ ಬಂತು. "ತಳ್ಳಿದ್ದು ನಾನು. ಹುಲಿ ಸ್ಟೀರಿಂಗ್ ಹಿಡಿದಿತ್ತು."

೩

ಮೊನ್ನೆ ಫೋರ್ಟ್ ಲೀಯಲ್ಲಿ, ಸೇತುವೆ ದಾಟಿದರೆ ನ್ಯೂಯಾರ್ಕ್ ಸಿಗುವ ಊರಲ್ಲಿ, ಅವಳ ಕವನ ವಾಚನ. ಹಾಲ್ ತುಂಬ ಜನ. ನಡೆಸಿಕೊಡುವ ಹೆಂಗಸು ಕೇಳಿಯೇಬಿಟ್ಟಳು: "ನಿಮ್ಮ ಮೇಲೆ ಮೊದಮೊದಲು ಯಾರ ಪ್ರಭಾವ?" ನಾನು ಕಾಲರ್ ಸರಿ ಮಾಡಿಕೊಂಡೆ. ಮೊಮ್ಮಗಳು ಹೇಳುತ್ತಾ ಹೋದಳು, ಮಗಳು ಕಿವಿಯಲ್ಲಿ ಪಿಸುಗುಟ್ಟುತ್ತಾ ಹೋದಳು: ಕಾಲೇಜಿನ ಮೇಷ್ಟ್ರಂತೆ, ಹಿಮವಂತೆ, ನ್ಯೂಯಾರ್ಕಿಗೆ ಹೋಗುವ ರೈಲಂತೆ!

ಎದ್ದು ನಿಂತೆ.

"ಅಪ್ಪಾಜಿ, ಕೂತ್ಕೊಳ್ಳಿ, ಎಲ್ರೂ ನೋಡ್ತಿದಾರೆ!"

"ನೋಡ್ಲಿ ಅಂತಾನೇ ಎದ್ದಿದ್ದು!" ವೇದಿಕೆಗೆ ಕೇಳುವಂತೆ ಕೂಗಿದೆ: "ಏನವ್ವ, ನಿನಗೆ ತುತ್ತಿಟ್ಟಿದ್ದು ಆ ರೈಲಾ?"

"ಅಜ್ಜ, ವೇಟ್! ಐ ವಾಸ್ ಕಮಿಂಗ್ ಟು ಯೂ!" ಅಂದವಳೇ ಜನರ ಕಡೆ ತಿರುಗಿದಳು. "ಎಲ್ಲರಿಗಿಂತ ಮೊದಲಿನವರು ಅಲ್ಲಿ ನಿಂತಿದ್ದಾರೆ, ನನ್ನಜ್ಜ. ನನ್ನನ್ನು ಆನೆ ಮೇಲೆ ಕೂರಿಸಿಕೊಂಡು ಈ ಊರಿನ ಸೇತುವೆ ದಾಟಿ ನ್ಯೂಯಾರ್ಕಿಗೆ ಕರೆದುಕೊಂಡು ಹೋದವರು. ಪೊಲೀಸರು ಅಡ್ಡ ಬಂದಾಗ ಅವರನ್ನೂ ಹತ್ತಿಸಿಕೊಂಡರು."

ಮಗಳು ಅದನ್ನು ಕನ್ನಡದಲ್ಲಿ ಹೇಳಿದ್ದು ಕೇಳಿ ನಾನೇ ಬೆಪ್ಪಾದೆ. ಈ ಕಥೆ ನನ್ನದಲ್ಲ! ಎಲ್ಲಾ ಮೊಮ್ಮಗಳದೇ ಸ್ವಂತ.

ಆ ಹೆಂಗಸು ಮೈಕ್ ಹಿಡಿದು ನನ್ನ ಹತ್ತಿರವೇ ಬಂದಳು. "ಇದು ನಿಜವೇ?"

ಎದೆಯುಬ್ಬಿಸಿ ಹೇಳಿದೆ: "ನೋಡಮ್ಮ, ನಮ್ಮ ವಂಶದಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇಲ್ಲ!"