ಏಳನೇ ಪುಟದ ಸುದ್ದಿ

ಆ ಮಂಗಳವಾರ ವಾಚನಾಲಯದಲ್ಲಿ ರಾಘಣ್ಣನ ಪಾಲಿಗೆ ಬಂದದ್ದು ಪತ್ರಿಕೆಯ ಮೂರನೇ ಪುಟ. ಅದರಲ್ಲಿದ್ದ ಸುದ್ದಿ ‘ಏಳನೇ ಪುಟಕ್ಕೆ’ ಎಂದು ಹೇಳಿ ಅರ್ಧಕ್ಕೇ ನಿಂತಿತ್ತು. ಏಳನೇ ಪುಟದ ಮೇಲೆ ಬಾಳಕೃಷ್ಣ ಮಾಸ್ತರರು ತಲೆಯಿಟ್ಟು ಮಲಗಿದ್ದರು.

ಸುದ್ದಿಯೂ ಈ ಅರೆಕೊರೆಯ ಬಗ್ಗೆಯೇ. ರಾಜ್ಯದ ಆದಾಯ ಅಂದಾಜಿಗಿಂತ ಕಡಿಮೆ ಬಂದು, ಊರುಗಳಿಗೆ ಸಿಗುವ ಅನುದಾನ ಮೊಟಕಾಗಿತ್ತು. ಪುಣೆಯ ಹೊರಗೆ ಕಾತ್ರಜ ಘಾಟು ದಾಟಿದ ಮೇಲಿನ ಆ ಸಣ್ಣ ನಗರ ಪರಿಷತ್ತು ನೀರು ನಿಲ್ಲಿಸಲಾರದೆ, ದೀಪ ಆರಿಸಲಾರದೆ, ವಾಚನಾಲಯದ ಎಂಟು ಪತ್ರಿಕೆಗಳಲ್ಲಿ ಏಳನ್ನು ನಿಲ್ಲಿಸಿತ್ತು. ಉಳಿದ ಒಂದನ್ನು ಓದುಗರು ಪಂಕ್ತಿಯಲ್ಲಿ ಕೊನೆಯ ಹೋಳಿಗೆಯನ್ನು ಹರಿದುಕೊಳ್ಳುವಂತೆ ಹಾಳೆ ಹಾಳೆಯಾಗಿ ಹಂಚಿಕೊಳ್ಳುತ್ತಿದ್ದರು.

ಧಾರವಾಡದಿಂದ ಬಂದು ಪುಣೆಯ ಅಂಚೆ ಕಚೇರಿಯಲ್ಲಿ ನಿವೃತ್ತನಾದ ರಾಘಣ್ಣನಿಗೆ ವಾಚನಾಲಯದ ಫ್ಯಾನಿನ ಕೆಳಗಿನ ಬೆಳಗಿನ ಎರಡು ತಾಸೇ ಜೀವ. ಮನೆಯಲ್ಲಿದ್ದರೆ ಎಂಟು ಗಂಟೆಗೆ ಸರಿಯಾಗಿ ಇಂದೂ ಎಂಬ ಹೆಸರಿನ ಹೆಂಡತಿ ಕೈಗೆ ಕಸಬರಿಗೆ ಕೊಡುತ್ತಿದ್ದಳು.

ವಾಚನಾಲಯ ನೋಡಿಕೊಳ್ಳುವ ಸಾವಿತ್ರಿಬಾಯಿ ಬಂದು ಹೇಳಿದರು. “ಹನ್ನೊಂದಕ್ಕ ಪರಿಷತ್ತಿನ ಸಾಹೇಬ್ರು ಬರ್ತಾರ. ಅನುದಾನ ಬೇಕೋ ಬ್ಯಾಡೋ ನೋಡಿ ಬರಕೊಂಡು ಹೋಗ್ತಾರ್ರಿ. ಎಲ್ಲಾರೂ ಹಿಂಗ ಕೂತಿರ್ರಿ. ಹರಕು ಹಾಳಿ ನೋಡಿದ್ರ ಅವ್ರಿಗೇ ತಿಳೀತದ.”

“ಮಂದಿ ಬರೂ ಹೊತ್ತಿಗೆ ಹಿಂಗ ಇಟಗೋಬೇಕೇನ್ರಿ? ಮರ್ಯಾದಿ ಏನ ಉಳೀತು?” ಎಂದ ರಾಘಣ್ಣ.

ಮಾಸ್ತರರು ಕಣ್ಣು ತೆರೆಯದೆ ಕೇಳಿದರು. “ಯಾಕ, ಸಾಹೇಬ್ರಿಗೆ ಕನ್ಯಾ ತೋರಸಾವ್ರಿದ್ದೀರೇನು?”

ರಾಘಣ್ಣ ಆಗಲೇ ತನ್ನ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದ. ಬಾಗಿಲು ಬಾಗಿಲು ಬಡಿದು ಒಂಬತ್ತು ಪತ್ರಿಕೆ ಕೂಡಿಸಿದ. ಮೊದಲ ಮಹಡಿಯ ಶಿವಕಾಂತಾ, ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಹಾಳೆಯನ್ನು ಕೊಡವಿ ಕೊಟ್ಟರು. “ಸಂಜಿಕಿ ವಾಪಸ್ ಬೇಕ್ರಿ ಮತ್ತ, ಪದಬಂಧ ಮುಟ್ಟಬ್ಯಾಡ್ರಿ.” ಎರಡು ಕುರ್ಚಿ, ಮೇಜಿನ ಬಟ್ಟೆ, ಹೂದಾನಿಯನ್ನೂ ಹೊತ್ತು ಇಳಿಯುವಾಗ ವಾಚ್‌ಮನ್ ಕೇಳಿದ. “ಕಾಕಾ, ಘರ ಬದಲತಾಯ ಕಾ?”

ಮನೆ ಬದಲಿಸುತ್ತಿಲ್ಲವೆಂದು ತಲೆಯಲ್ಲಾಡಿಸಲು ಹೋಗಿ ರಾಘಣ್ಣ ತಲೆಯ ಮೇಲಿದ್ದ ಕುರ್ಚಿಯನ್ನು ಬೀಳಿಸಿಕೊಂಡ.

ಹನ್ನೊಂದಕ್ಕೆ ಸಾಹೇಬರು ಬಂದರು. ಹೆಸರು ಶಿವರಾಜ, ಸೊಲ್ಲಾಪುರದವರು, ಕನ್ನಡ ಬಲ್ಲವರು. ಮೇಜಿನ ತುಂಬ ಪತ್ರಿಕೆ, ಚಹಾ, ಅವಲಕ್ಕಿ ಚಿವಡಾ. ಅವರು ಎರಡು ಬಾರಿ ಚಿವಡಾ ಹಾಕಿಸಿಕೊಂಡರು.

“ಇಷ್ಟೆಲ್ಲಾ ಯಾರು ತಂದ್ರು?”

“ನಾವ ಓದುಗರು ಕೂಡಿ ಮಾಡೀವ್ರಿ,” ಎಂದ ರಾಘಣ್ಣ, ಎದೆ ಮುಂದೆ ಮಾಡಿ. ಸಾವಿತ್ರಿಬಾಯಿ ಹಣೆ ಒತ್ತಿಕೊಂಡರು.

“ಎಲ್ಲಾ ವಾರ್ಡಿನಾಗೂ ನಿಮ್ಮಂಥಾವ್ರು ಇದ್ರ ನಮಗ ಚಿಂತಿನ ಇಲ್ಲ ನೋಡ್ರಿ,” ಎಂದು ಸಾಹೇಬರು ಅಲ್ಲೇ ಕೂತು ವರದಿ ಬರೆದು ಓದಿ ಹೇಳಿದರು. ಇಲ್ಲಿ ಪತ್ರಿಕೆಗಳ ಕೊರತೆ ಕಾಣುವುದಿಲ್ಲ. ಉಳಿದ ಒಂದನ್ನೂ ನಿಲ್ಲಿಸಬಹುದು. ಸಾವಿತ್ರಿಬಾಯಿಯವರನ್ನು ನೀರಿನ ಬಿಲ್ಲಿನ ಕೌಂಟರಿಗೆ ಹಾಕಬಹುದು. ವಾಚನಾಲಯವನ್ನು ಓದುಗರೇ ನಡೆಸಲಿ, ಬೀಗದ ಕೈ ಶ್ರೀ ರಾಘಣ್ಣನವರ ಬಳಿ ಇರಲಿ.

ಸಾವಿತ್ರಿಬಾಯಿಯ ಹಣೆಯ ಗೆರೆ ಸಡಿಲವಾಯಿತು. ಆ ಕೌಂಟರ್ ಅವರ ಮನೆಯ ಎದುರಿಗೇ ಇತ್ತು. ಮಾಸ್ತರರು ಏಳನೇ ಪುಟವನ್ನು ರಾಘಣ್ಣನ ಕಡೆ ಸರಿಸಿದರು. “ತಗೋರಿ, ಇನ್ನ ಓದಿದ್ರೂ ಅಷ್ಟ, ಬಿಟ್ರೂ ಅಷ್ಟ.”

ಸಂಜೆ ಒಂಬತ್ತು ಪತ್ರಿಕೆಗಳನ್ನು ಮನೆಮನೆಗೆ ಮುಟ್ಟಿಸಿ ರಾಘಣ್ಣ ತನ್ನ ಮನೆಗೆ ಬಂದು ಕೂತ. ಫ್ಯಾನಿನ ಕೆಳಗಿನ ಕುರ್ಚಿಯಂತೂ ಇನ್ನು ತನ್ನದೇ ಎಂದುಕೊಂಡಾಗ ಮನಸ್ಸು ಹಗುರವಾಯಿತು. ಹೆಂಡತಿ ಇಂದೂ ಅವನ ಕೈಯಲ್ಲಿದ್ದ ವಾಚನಾಲಯದ ಬೀಗದ ಕೈ ನೋಡಿದಳು.

“ಏಳಕ್ಕ ಬಾಗಿಲಾ ತಗೀಬೇಕಂತ, ಹೌದ್ರಿ? ಅಲ್ಲಿ ಕಸಾ ಯಾರು ಹೊಡ್ಯಾವ್ರು?”

ರಾಘಣ್ಣ ಬೀಗದ ಕೈಯನ್ನು ಜೇಬಿಗಿಳಿಸಿದ. ಅವಳು ಒಳಗೆ ಹೋಗಿ ಹೊಸ ಕಸಬರಿಗೆ ತಂದು ಅವನ ಚೀಲದ ಪಕ್ಕ ಆನಿಸಿಟ್ಟಳು.

“ಇದು ಅಲ್ಲಿಗೆ. ಹಳೇದು ಇಲ್ಲೇ ಇರ್ಲಿ. ನಾಳೆಯಿಂದ ನೀವು ಮನಿ ಕಸಾ ಸಂಜಿಮುಂದ ಹೊಡೀರಿ.”