ತಾಯವ್ವನ ಹೊಲದಲ್ಲಿ ತಂಗಿರುವ ವಿಮಾನವನ್ನು ಕುರಿತು

ಸಾರವಾಡ, ತಾಲೂಕು ವಿಜಾಪುರ
ಎಳ್ಳಮಾಸಿಯ ಮರುದಿನ, ೧೯೪೯

ಮುಂಬಯಿಯ ಗಗನವಿಹಾರ ವಿಮಾನ ಕಂಪನಿಯ ಮುಖ್ಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ಆಕಾಶಕ್ಕೂ ಭೂಮಿಗೂ ಎಷ್ಟು ಅಂತರವೋ ತಮಗೂ ನಮಗೂ ಅಷ್ಟೇ ಅಂತರವಿದ್ದಾಗ್ಯೂ, ಹೋದ ಭಾದ್ರಪದದಲ್ಲಿ ತಮ್ಮ ಡಕೋಟಾ ವಿಮಾನವು ನಮ್ಮೂರಿನ ತಾಯವ್ವನ ಎರೆಹೊಲಕ್ಕೆ ಕರೆಯದೆಯೇ ಇಳಿದು ಬಂದು ಆ ಅಂತರವನ್ನು ಕಳೆದದ್ದರಿಂದ, ಬೀಗರ ಸಲಿಗೆಯಿಂದ ಈ ಕಾಗದ ಬರೆಯುತ್ತಿದ್ದೇನೆ. ತಾವು, ತಮ್ಮ ಮನೆಮಂದಿ ಮತ್ತು ತಮ್ಮ ಉಳಿದ ವಿಮಾನಗಳು ಕ್ಷೇಮವಾಗಿರುವಿರೆಂದು ನಂಬುತ್ತೇನೆ. ವಿಮಾನಗಳ ವಿಷಯದಲ್ಲಿ ನಂಬಿಕೆ ತುಸು ಕಡಿಮೆ.

ಮೊದಲಿಗೆ ತಮ್ಮ ಪೈಲಟ್ ಸಾಹೇಬರನ್ನು ಹೊಗಳಬೇಕು. ಒಂದು ಇಂಜಿನು ಕೆಮ್ಮಿ ಸುಮ್ಮನಾದ ಮೇಲೂ ಅವರು ಎದೆಗೆಡದೆ, ಮಳೆ ಕಾಣದ ಗಟ್ಟಿ ನೆಲ ಹುಡುಕಿ, ಹಿಂಗಾರಿ ಜೋಳಕ್ಕೆಂದು ಖಾಲಿ ಬಿಟ್ಟಿದ್ದ ಆ ಹೊಲದಲ್ಲಿ ತಲೆಯ ಮೇಲಿನ ಹಾಲಿನ ಗಡಿಗೆಯನ್ನು ಇಳುಹಿದಂತೆ ವಿಮಾನವನ್ನು ಇಳಿಸಿದರು. ಒಬ್ಬರಿಗೂ ತರಚು ಗಾಯವಿಲ್ಲ. ಪ್ರಯಾಣಿಕರೆಲ್ಲ ತಾಯವ್ವ ಬಡಿಸಿದ ರೊಟ್ಟಿ, ಶೇಂಗಾ ಚಟ್ನಿ ತಿಂದು ಕಣ್ಣೀರು ಸುರಿಸಿ (ಖಾರಕ್ಕೋ, ಬದುಕಿ ಉಳಿದ ಸಂತೋಷಕ್ಕೋ ತಿಳಿಯಲಿಲ್ಲ) ಮೋಟಾರು ಹತ್ತಿ ವಿಜಾಪುರ ಸ್ಟೇಶನ್ನಿಗೆ ಹೋದರು. ಊಟದ ನಡುವೆ ಪೈಲಟ್ ಸಾಹೇಬರು ಹೇಳಿದ್ದೇನೆಂದರೆ, ಇಂಜಿನಿನಿಂದ ಎಣ್ಣೆ ಜಿನುಗುವ ಸಂಗತಿಯನ್ನು ಅವರು ಮುಂಬಯಿಯಲ್ಲಿಯೇ ತಿಳಿಸಿದ್ದರು. ಮುಂಬಯಿಯವರು ಅದನ್ನು ಪುಣೆಯಲ್ಲಿ ನೋಡೋಣವೆಂದರು, ಪುಣೆಯವರು ಹೈದರಾಬಾದಿನಲ್ಲಿ ಎಂದರು, ಹೈದರಾಬಾದಿನವರು ಹೇಗೂ ಮುಂಬಯಿಗೆ ಮರಳುತ್ತೀರಲ್ಲ ಎಂದರು. ಹೀಗೆ ದುರಸ್ತಿಯು ಊರೂರು ತಿರುಗುತ್ತಿರಲು, ಈ ಏರ್ಪಾಟು ತಿಳಿಯದ ಎಣ್ಣೆಯು ಸಾರವಾಡದ ಮೇಲೆಯೇ ಮುಗಿದುಹೋಯಿತು. ಎಣ್ಣೆ ಸಾಲಿ ಕಲಿತದ್ದಲ್ಲ, ಕ್ಷಮಿಸಬೇಕು.

ಆಮೇಲೆ ತಾವು ಕಳಿಸಿದ ಇಂಜಿನಿಯರ್ ಸಾಹೇಬರು ಬಂಗಾರದಂಥ ಮನುಷ್ಯರು. ಸಾಮಾನು ಕಳಿಸಿದರೆ ಇಲ್ಲಿಯೇ ದುರಸ್ತಿ ಮಾಡಬಲ್ಲೆನೆಂದರು. ಆದರೆ ಕಂಪನಿ ಮಂಜೂರು ಮಾಡಿದ ನಿಲ್ದಾಣದಲ್ಲಲ್ಲದೆ ದುರಸ್ತಿ ಕೂಡದೆಂದು ಒಂದು ನಿಯಮವಂತೆ. ದುರಸ್ತಿಯಾಗದ ವಿಮಾನ ಅಲ್ಲಿಗೆ ಹಾರಿ ಹೋಗಕೂಡದೆಂದು ಇನ್ನೊಂದಂತೆ. ಆಕಾಶದಲ್ಲಿ ಗಾಢ ನಿದ್ದೆಯಲ್ಲಿದ್ದ ನಿಯಮಗಳು ನೆಲ ತಾಗಿದೊಡನೆ ಇಷ್ಟು ಚುರುಕಾಗುವುದನ್ನು ಕಂಡು ನಮಗೆ ತಮ್ಮ ಮೇಲೆ ಬಹಳ ಗೌರವ ಹುಟ್ಟಿತು. ಹಾಗಾದರೆ ತಾಯವ್ವನ ಹೊಲವನ್ನೇ ನಿಲ್ದಾಣವೆಂದು ಮಂಜೂರು ಮಾಡಿರೆಂದು ಬರೆದೆ. ಅಲ್ಲಿ ದೀಪ, ಗಾಳಿಯ ದಿಕ್ಕು ತೋರುವ ಚೀಲ, ಪ್ರಯಾಣಿಕರಿಗೆ ಕುರ್ಚಿಗಳು ಇವೆಯೇ ಎಂದು ತಮ್ಮ ಕಚೇರಿ ಕೇಳಿತು. ಗಾಳಿಯೊಂದು ಇದೆ ಎಂದು ಉತ್ತರಿಸಿದ್ದೆ. ಅದು ಸಾಲದೆಂದು ತೋರುತ್ತದೆ.

ಅಷ್ಟರಲ್ಲಿ ಉತ್ತರಿ ಮಳೆ ಮನಸಾರೆ ಬಿತ್ತು. ಡೋಣಿ ಹೊಳೆಯ ದಂಡೆಯ ಎರೆಮಣ್ಣಿಗೆ ಬಿತ್ತುವ ಹದ ಬಂತೆಂದರೆ ಅದು ಯಾರ ಮಂಜೂರಿಗೂ ಕಾಯುವುದಿಲ್ಲ. ನೆಲ ಆರಿ ಬಿರಿದರೆ ತಾಯವ್ವನ ಮನೆಗೆ ಆ ವರ್ಷ ಜೋಳವೇ ಇಲ್ಲ. ಇನ್ನೆಂಟು ದಿನ ತಡೆಯಿರೆಂದು ಇಂಜಿನಿಯರ್ ಸಾಹೇಬರು ಕೈಮುಗಿದಾಗ ಆಕೆಯೂ ಅಷ್ಟೇ ವಿನಯದಿಂದ, "ಹಸಿ ಆರಿದ ಮ್ಯಾಲೆ ಹೊಲದಾಗ ನಿಮ್ಮ ನಿಯಮಾ ಬಿತ್ತಲೇನ್ರಿ, ಸಾಹೇಬರ?" ಎಂದು ಕೇಳಿ ಕೂರಿಗೆ ಹೂಡಿದಳು.

ಆದರೆ ವಿಮಾನದ ಕಾವಲಿಗೆಂದು ತಾವು ನೇಮಿಸಿದ ಖಂಡಪ್ಪನಿದ್ದಾನಲ್ಲ, ಅವನು ತಾಯವ್ವನ ಸ್ವಂತ ಮೈದುನನಾದರೂ ಕೆಂಪು ನಿಶಾನೆ ಹಿಡಿದು ಅಡ್ಡ ನಿಂತು, ವಿಮಾನದ ಹತ್ತಿರ ದನಕರು ಸುಳಿಯಬಾರದೆಂದು ಕಂಪನಿಯ ಹುಕುಮಿದೆಯೆಂದನು. ತಾಯವ್ವ ಎತ್ತುಗಳನ್ನು ನೊಗದಿಂದ ಬಿಚ್ಚಿದಳು.

"ಎತ್ತು ಬ್ಯಾಡಂದ್ರ ಬ್ಯಾಡ. ನೊಗಕ್ಕ ನೀನ ಹೆಗಲ ಕೊಡ ಬಾರೋ ಖಂಡಪ್ಪಾ. ಹುಕುಮಿನ್ಯಾಗ ಮೈದುನರ ಸುದ್ದಿ ಇಲ್ಲಲಾ."

ಖಂಡಪ್ಪ ಹುಕುಮನ್ನು ನನ್ನಿಂದ ಓದಿಸಿ ನೋಡಿದ. ನಿಜವಾಗಿಯೂ ಮೈದುನರ ಸುದ್ದಿ ಇರಲಿಲ್ಲ. ನಿಶಾನೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರೆಕ್ಕೆಗಳ ಅಡಿಯ ಸಾಲುಗಳನ್ನೆಲ್ಲ ಅವನೇ ಎಳೆದನು, ತಮ್ಮ ನಿಯಮಕ್ಕೆ ಎಳ್ಳಷ್ಟೂ ಭಂಗ ಬಾರದಂತೆ. ಅವನ ಬಡ್ತಿಗೆ ನಾನು ಶಿಫಾರಸು ಮಾಡುತ್ತೇನೆ.

ಈಗ ಜೋಳ ಆಳೆತ್ತರ ಬೆಳೆದು, ತೆನೆಯಲ್ಲಿ ಕಾಳು ಹಾಲು ತುಂಬಿಕೊಂಡು ನಿಂತಿರುವ ಹೊತ್ತಿಗೆ, ಸಾಮಾನು ಕಳಿಸುತ್ತಿದ್ದೇವೆ, ಹೊಲದಲ್ಲಿಯೇ ದುರಸ್ತಿಗೆ ವಿಶೇಷ ಪರವಾನಗಿ ಸಿಕ್ಕಿದೆ, ಆದಕಾರಣ ವಿಮಾನ ಓಡಿ ಮೇಲೇರಲು ಈ ಬದುವಿನಿಂದ ಆ ಬದುವಿನವರೆಗೆ ತಕ್ಷಣ ಜೋಳ ಕೊಯ್ದು ಹಾದಿ ಮಾಡಿಕೊಡಿರೆಂದು ತಮ್ಮ ಅಪ್ಪಣೆ ಬಂದಿದೆ. 'ತಕ್ಷಣ' ಎಂಬ ಶಬ್ದ ತಮ್ಮ ಕಂಪನಿಗೂ ಗೊತ್ತಿದೆಯೆಂದು ತಿಳಿದು ಊರಿಗೆ ಊರೇ ಹರ್ಷಪಟ್ಟಿತು. ತಾಯವ್ವ ಮಾತ್ರ ಒಪ್ಪುತ್ತಿಲ್ಲ. ನಿನ್ನೆಯಷ್ಟೇ ಎಳ್ಳಮಾಸಿಗೆ ಸಜ್ಜಿಯ ಕಡಬು ಮಾಡಿ, ಚರಗ ಚೆಲ್ಲಿ, ಬಸುರಿಯ ಬಯಕೆ ತೀರಿಸಿದಂತೆ ಹೊಲಕ್ಕೆ ಉಣಿಸಿ ಬಂದಾಕೆ ಇವತ್ತು ಅದೇ ಹೊಲಕ್ಕೆ ಕುಡುಗೋಲು ಹಿಡಿದು ಹೋಗುವುದು ಹೇಗೆಂಬುದು ಆಕೆಯ ಪ್ರಶ್ನೆ. ಅದಕ್ಕೆ ಉತ್ತರ ತಮ್ಮ ನಿಯಮಾವಳಿಯಲ್ಲಿದ್ದರೆ ತಿಳಿಸಬೇಕು.

ಆಕೆಯ ಪರವಾಗಿ ನನ್ನ ಬಿನ್ನಹವಿಷ್ಟೆ. ವಿಮಾನಕ್ಕೆ ನಿಂತಲ್ಲಿಂದಲೇ ಮಿಡತೆಯಂತೆ ಜಿಗಿದೇಳುವುದನ್ನು ಕಲಿಸಬೇಕು. ಅಥವಾ ರೆಕ್ಕೆ ಮಡಚಿಕೊಂಡು ಬದುವಿನ ಮೇಲೆ ಹುಷಾರಾಗಿ ನಡೆದು ಟಿಕೋಟಾ ರಸ್ತೆ ಸೇರುವಂತೆ ಅದಕ್ಕೆ ಕಾಗದ ಬರೆಯಬೇಕು. ಎರಡೂ ನಿಯಮಕ್ಕೆ ವಿರುದ್ಧವಾದರೆ, ಸುಗ್ಗಿಯಾಗಿ ರಾಶಿ ಮುಗಿಯುವವರೆಗೆ ಕಾಯಬೇಕು.

ಅದರಿಂದ ನಮಗೇನೂ ತೊಂದರೆಯಿಲ್ಲ. ನೆಟ್ಟಗಿರುವ ಇನ್ನೊಂದು ಇಂಜಿನಿಗೆ ಜಂಗು ಹಿಡಿಯದಿರಲೆಂದು ದಿನಾ ಬೆಳಿಗ್ಗೆ ಅದನ್ನು ಓಡಿಸಬೇಕೆಂಬ ನಿಯಮವನ್ನು ಇಂಜಿನಿಯರ್ ಸಾಹೇಬರು ತಪ್ಪದೆ ಪಾಲಿಸುತ್ತಿದ್ದಾರೆ. ಅದರ ಗಾಳಿಗೆ ಬಾಲದ ಹಿಂದಿನ ಕೆಲವು ಸಾಲು ಮಲಗಿವೆ, ಸುಳ್ಳೇಕೆ ಹೇಳಲಿ. ಆದರೆ ಆ ಸಪ್ಪಳಕ್ಕೆ ಹೆದರಿ ಕನಮಡಿಯ ದಿಕ್ಕಿಗೆ ಹಾರಿದ ತೆನೆಗಳ್ಳ ಗುಬ್ಬಿಗಳು ಇನ್ನೂ ತಿರುಗಿ ನೋಡಿಲ್ಲ. ತಾಯವ್ವ ಗುಬ್ಬಿ ಓಡಿಸುವ ಕವಣೆಯನ್ನು ಗೂಟಕ್ಕೆ ತೂಗುಹಾಕಿ, ಸಾಹೇಬರಿಗೆ ಹಸಿ ತೆನೆ ಸುಟ್ಟು ಸೀತನಿ ತಿನ್ನಿಸುತ್ತಿದ್ದಾಳೆ. ಸಂಜೆಯೂ ಒಂದು ಸಲ ಇಂಜಿನು ಓಡಿಸತಕ್ಕದ್ದೆಂದು ತಾವು ನಿಯಮ ತಿದ್ದಿದರೆ ದೊಡ್ಡ ಉಪಕಾರವಾದೀತು.

ತಮ್ಮ ವಿಶ್ವಾಸಿ (ವಿಶ್ವಾಸ ತಮ್ಮ ಮೇಲೆ, ವಿಮಾನದ ಮೇಲಲ್ಲ),
ತಾಯವ್ವನ ಪರವಾಗಿ,
ಬಸಲಿಂಗಯ್ಯ

ತಾ.ಕ.: ಬಬಲೇಶ್ವರದ ಬಸಗೊಂಡಪ್ಪನವರ ಹೊಲದಲ್ಲಿಯೂ ಗುಬ್ಬಿಗಳ ಕಾಟ ವಿಪರೀತವಂತೆ. ದುರಸ್ತಿ ಮುಂದೆ ಹಾಕಿದ ವಿಮಾನಗಳು ತಮ್ಮಲ್ಲಿ ಇನ್ನೂ ಬೇಕಾದಷ್ಟಿವೆಯೆಂದು ಪೈಲಟ್ ಸಾಹೇಬರು ಹೇಳಿದ್ದರಿಂದ, ಬರುವ ವರ್ಷ ಉತ್ತರಿ ಮಳೆಗೆ ಮೊದಲು ಒಂದನ್ನು ಆ ಕಡೆಗೂ ಕಳಿಸಿಕೊಡಬೇಕಾಗಿ ಅವರ ಪ್ರಾರ್ಥನೆ. ಅದರಲ್ಲಿ ಜನರನ್ನು ಮಾತ್ರ ಕೂಡಿಸಬೇಡಿರಿ.