ಸೆಕೆಯ ಊರಿನಲ್ಲಿ ಕಬ್ಬಿಣದ ಒಲೆ ಮಾರಿದ್ದು

ಮಾರುವ ಕೆಲಸ ಹಿಡಿದವನಿಗೆ ನಗೆಪಾಟಲಾಗುವ ಸಂದರ್ಭಗಳಿಗೆ ಬರವಿಲ್ಲ. ಅಂಗಡಿಯ ಬಾಗಿಲು ತೆರೆದರೆ ಸಾಕು, ಗಿರಾಕಿಗಿಂತ ಮೊದಲೇ ಫಜೀತಿ ಬಂದು ಕೂತಿರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಬಹ್ರೈನಿನ ಮನಾಮಾದಲ್ಲಿ, ಸೂಕ್ ಎನ್ನುವ ಹಳೇ ಪೇಟೆಯ ಪಕ್ಕದ ಒಂದು ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದೆ. ಪಾತ್ರೆ, ಮಿಕ್ಸಿ, ಗ್ಯಾಸ್ ಒಲೆ ಎಲ್ಲ ಮಾರುತ್ತಿದ್ದೆವು. ಅವೆಲ್ಲ ಸುಮ್ಮನೆ ಮಾರಿ ಹೋದವು. ಒಂದೇ ಒಂದು ಒಲೆ ಮಾತ್ರ ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು.

ಒಲೆ ಬಂತು

ನಮ್ಮ ಅರ್ಬಾಬ್, ಅಂದರೆ ಅಂಗಡಿಯ ಯಜಮಾನರು, ಬಹ್ರೈನಿನವರೇ. ಒಳ್ಳೆಯ ಮನುಷ್ಯ. ಆದರೆ ಅಗ್ಗಕ್ಕೆ ಸಿಕ್ಕಿದ್ದನ್ನು ಬಿಟ್ಟು ಅವರಿಗೆ ಗೊತ್ತಿಲ್ಲ. ಯಾರೋ ಇಂಗ್ಲಿಷ್ ವ್ಯಾಪಾರಿಯ ಮಾತು ಕೇಳಿ ಎರಕದ ಕಬ್ಬಿಣದ ಒಲೆಯೊಂದನ್ನು ಹಡಗಿನಲ್ಲಿ ತರಿಸಿದರು. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಬಳಸುತ್ತಿದ್ದಂಥದ್ದು. ಕರ್ರಗೆ, ಎಮ್ಮೆಯಷ್ಟು ದಪ್ಪ, ಮೇಲೆ ಹೊಗೆಗೊಳವೆ, ಮುಂದೆ ಬ್ರೆಡ್ ಬೇಯಿಸುವ ಗೂಡು. ಅಡುಗೆಯೂ ಆಗುತ್ತದೆ, ಮನೆಯೂ ಬೆಚ್ಚಗಾಗುತ್ತದೆ ಎಂಬುದು ಅದರ ಹೆಗ್ಗಳಿಕೆ. ಬಹ್ರೈನಿನಲ್ಲಿ ಮನೆ ಬೆಚ್ಚಗಾಗಬೇಕಾದರೆ ಎ.ಸಿ. ಆರಿಸಿದರೆ ಸಾಕು.

ಆಗ ನನಗೆ ಮದುವೆಯಾಗಿ ಹೆಚ್ಚು ಸಮಯವಾಗಿರಲಿಲ್ಲ. ಹೆಂಡತಿ ಉಡುಪಿಯ ಹತ್ತಿರದ ಊರಲ್ಲಿ, ನಾನು ಇಲ್ಲಿ. ಸಂಜೆ ರೂಮಿಗೆ ಹೋಗುವಾಗ ಅವಳ ನೆನಪಾಗಿ ನಿಜವಾಗಿಯೂ ಸಂಕಟವಾಗುತ್ತಿತ್ತು. ಅವಳನ್ನು ಕರೆಸಿಕೊಳ್ಳಲು ಫ್ಯಾಮಿಲಿ ವೀಸಾ ಬೇಕು, ಅದಕ್ಕೆ ಅರ್ಬಾಬರ ಸಹಿ ಬೇಕು. ನಾನು ಕಾಗದ ಹಿಡಿದುಕೊಂಡು ಹೋದಾಗಲೆಲ್ಲ ಅವರು ಪೆನ್ನು ತೆಗೆಯುವ ಬದಲು ಒಲೆಯ ಕಡೆ ಬೆರಳು ತೋರಿಸುತ್ತಿದ್ದರು. "ಅದು ಹೊರಗೆ ಹೋದ ದಿನ ನಿನ್ನ ಬೀವಿ ಒಳಗೆ" ಎಂದು ಅವರ ಹಿಂದಿಯಲ್ಲಿ ತೀರ್ಪು ಕೊಟ್ಟರು.

ಒಲೆಯ ಜೊತೆ ಒಂದು ತೆಳ್ಳಗಿನ ಪುಸ್ತಕ ಬಂದಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇಂಥ ಒಲೆಗಳಿಗೆ ಹೇಗೆಲ್ಲ ಜಾಹೀರಾತು ಕೊಟ್ಟಿದ್ದರು ಎಂದು ಚಿತ್ರ ಸಮೇತ ಅಚ್ಚು ಹಾಕಿದ್ದರು. ನಾನು ಓದಿ ಹೇಳಿದೆ. ಅರ್ಬಾಬ್ ಗಡ್ಡ ನೀವಿಕೊಂಡು, ಅವರು ಹೀಗೆ ಮಾಡಿಯೇ ಊರು ತುಂಬ ಮಾರಿದ್ದಾರಲ್ಲ, ನೀನೂ ಒಂದೊಂದಾಗಿ ಮಾಡು ಎಂದರು. ಹೀಗೆ ನನ್ನ ಸಂಸಾರ ನೂರು ವರ್ಷ ಹಳೆಯ ಜಾಹೀರಾತಿನ ಕೈಗೆ ಹೋಯಿತು.

ಬಾಗಿಲ ಮೇಲೆ ಕುಳಿತದ್ದು

ಮೊದಲನೆಯ ಚಿತ್ರದಲ್ಲಿ ಒಲೆಯ ಗೂಡಿನ ಬಾಗಿಲು ಮುಂದಕ್ಕೆ ಹಲಗೆಯಂತೆ ಮಲಗಿ ತೆರೆದಿತ್ತು. ಅದರ ಮೇಲೆ ಕೋಟು ತೊಟ್ಟ ಡೊಳ್ಳುಹೊಟ್ಟೆಯ ಗೃಹಸ್ಥ ಆರಾಮವಾಗಿ ಕುಳಿತಿದ್ದ. ಒಲೆ ಎಷ್ಟು ಗಟ್ಟಿ ಎಂದು ತೋರಿಸುವುದಕ್ಕೆ. ನನಗೂ ಅಂಥ ಗೃಹಸ್ಥನೊಬ್ಬ ಬೇಕಾಯಿತು. ದೂರ ಹುಡುಕಬೇಕಾಗಿರಲಿಲ್ಲ, ನನ್ನ ರೂಮಿನಲ್ಲೇ ಇದ್ದ. ಮಂಗಳೂರಿನ ಕ್ರಿಶ್ಚಿಯನ್ ಸ್ನೇಹಿತ, ಇಲ್ಲಿನ ಹೋಟೆಲೊಂದರಲ್ಲಿ ಕುಕ್. ತಾನು ಮಾಡಿದ್ದನ್ನು ತಾನೇ ಮೊದಲು ತಿಂದು ನೋಡುವ ಪ್ರಾಮಾಣಿಕ.

ಶುಕ್ರವಾರ ಸಂಜೆ ಜನ ಸೇರಿದ ಹೊತ್ತಿಗೆ ಅವನನ್ನು ಬಾಗಿಲ ಮೇಲೆ ಕೂರಿಸಿದೆ. ಎಲ್ಲರೂ ಕತ್ತು ಚಾಚಿ ನೋಡಿದರು. ಬಾಗಿಲು ಅಲುಗಲಿಲ್ಲ. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅಷ್ಟರಲ್ಲಿ ಕೆಳಗಿನಿಂದ ಲಟ್ ಎಂಬ ಸದ್ದು ಬಂತು. ಒಲೆಯ ಮುಂಗಾಲಿನ ಕೆಳಗಿದ್ದ ಟೈಲ್ಸ್ ಬಿರುಕು ಬಿಟ್ಟು, ಆ ಬಿರುಕು ಹಾವಿನಂತೆ ಹರಿದು ಕ್ಯಾಶ್ ಕೌಂಟರಿನವರೆಗೆ ಹೋಯಿತು. ಕುಕ್ ಗಾಬರಿಯಿಂದ ಎದ್ದು ನಿಂತು, "ದೇವರಾಣೆ, ನಾನು ಇವತ್ತು ಮಧ್ಯಾಹ್ನ ಸರಿಯಾಗಿ ಊಟ ಸಹ ಮಾಡಿಲ್ಲ ಮಾರಾಯ" ಎಂದ.

ಅರ್ಬಾಬ್ ಬಗ್ಗಿ ನೆಲ ನೋಡಿದರು, ಎದ್ದು ಒಲೆ ನೋಡಿದರು. ಆಮೇಲೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಲು ಹೇಳಿದರು: ಒಲೆಗೆ ಗ್ಯಾರಂಟಿ ಉಂಟು, ನಿಮ್ಮ ಮನೆಯ ನೆಲಕ್ಕೆ ಇಲ್ಲ.

ಬಿಸಿ ಬ್ರೆಡ್ಡು

ಎರಡನೆಯ ಉಪಾಯ, ಜನರ ಎದುರೇ ಒಲೆ ಹೊತ್ತಿಸಿ ಬ್ರೆಡ್ ಮಾಡಿ ಹಂಚುವುದು. ಆ ಕಾಲದಲ್ಲಿ ಸಂತೆ, ಪ್ರದರ್ಶನಗಳಲ್ಲಿ ಹಾಗೇ ಮಾಡುತ್ತಿದ್ದರಂತೆ. ಜನವರಿಯ ಒಂದು ತಂಪು ಸಂಜೆ ಪಠಾಣ ಹಮಾಲಿಗಳು ಒಲೆಯನ್ನು ಅಂಗಡಿಯ ಎದುರಿನ ಗಲ್ಲಿಗೆ ಇಳಿಸಿದರು. ಇಳಿಸುವಾಗ ಅವರು ಬೈದದ್ದರಿಂದ ನನಗೆ ಪಶ್ತೋ ಭಾಷೆ ಅಲ್ಪಸ್ವಲ್ಪ ಬಂತು. ಕುಕ್ ಇದ್ದಲು ಹಾಕಿ ಹೊತ್ತಿಸಿದ. ಹೊಗೆ ಕೊಳವೆಯಲ್ಲಿ ಮೇಲೆ ಹೋಗಬೇಕಾದದ್ದು ನೇರ ಎದುರಿನ ಬಟ್ಟೆ ಅಂಗಡಿಗೆ ಹೋಯಿತು. ಅಲ್ಲಿನ ಸೇಠ್ ಕೆಮ್ಮುತ್ತ ಬಂದವನು, ಬ್ರೆಡ್ಡಿನ ಪರಿಮಳ ಬಂದ ಮೇಲೆ ಜಗಳ ಮರೆತು ಸಾಲಿನಲ್ಲಿ ನಿಂತ.

ಬ್ರೆಡ್ ಮಾತ್ರ ಅದ್ಭುತವಾಗಿತ್ತು. ಟ್ಯಾಕ್ಸಿಯವರು, ಕಚೇರಿಯಿಂದ ಮನೆಗೆ ಹೊರಟವರು, ಹೆಂಗಸರು, ಮಕ್ಕಳು, ಎಲ್ಲ ತಿಂದರು, ಎಲ್ಲ ಹೊಗಳಿದರು. ಒಬ್ಬ ಬಂದು ಬೆಲೆ ಕೇಳಿದಾಗ ನಾನು ಬಿಲ್ ಪುಸ್ತಕ ಬಿಡಿಸಿದೆ. ಅವನು ಕೇಳಿದ್ದು ಬ್ರೆಡ್ಡಿನ ಬೆಲೆ. ಮರುದಿನ ಅಂಗಡಿ ತೆರೆಯುವಾಗ ಹೊರಗೆ ದೊಡ್ಡ ಸಾಲು. ಕೆಲವರು ಮನೆಯಿಂದ ಬೆಣ್ಣೆಯನ್ನೂ ತಂದಿದ್ದರು.

ಬಳಸಿದವರ ಮಾತು

ಆ ಪುಸ್ತಕದಲ್ಲಿ ಒಲೆ ಕೊಂಡವರ ಪ್ರಶಂಸೆಯೂ ಪುಟಗಟ್ಟಲೆ ಇತ್ತು. ಪಾದ್ರಿಗಳು, ಡಾಕ್ಟರುಗಳು, ವಿಧವೆಯರು, ಎಲ್ಲರೂ ಒಲೆಯಿಂದ ಉದ್ಧಾರವಾದವರೇ. ನಮ್ಮ ಒಲೆಯನ್ನು ಕೊಂಡವರು ಯಾರೂ ಇರಲಿಲ್ಲ. ಹಾಗಾಗಿ ಮತ್ತೆ ಕುಕ್ಕನ ಕಾಲು ಹಿಡಿದೆ. ಅವನು ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವನು, ಸುಳ್ಳು ಬರೆಯುವುದಿಲ್ಲ ಎಂದು ಹಟ ಹಿಡಿದ. ಸುಳ್ಳು ಬೇಡ, ನಿಜವಾದದ್ದರಲ್ಲೇ ಒಳ್ಳೆಯದನ್ನು ಬರೆ ಎಂದೆ. ರಾತ್ರಿಯೆಲ್ಲ ಯೋಚಿಸಿ ಅವನು ಬರೆದುಕೊಟ್ಟದ್ದು ಇಷ್ಟು: "ನಾನು ಈ ಒಲೆಯ ಮೇಲೆ ಕುಳಿತಿದ್ದೇನೆ. ತುಂಬ ಆರಾಮ ಉಂಟು."

ಅಳುವ ಹೆಂಡತಿ, ನಗುವ ಹೆಂಡತಿ

ಕೊನೆಗೆ ಉಳಿದದ್ದು ಆ ಕಾಲದ ಅತಿ ದೊಡ್ಡ ಅಸ್ತ್ರ. ಒಂದೇ ಕಾರ್ಡಿನಲ್ಲಿ ಎರಡು ಚಿತ್ರ. ಎಡಗಡೆ ಕೆಟ್ಟ ಒಲೆ ಇರುವ ಮನೆ, ಹೆಂಡತಿ ಕಣ್ಣೀರು ಸುರಿಸುತ್ತಿದ್ದಾಳೆ. ಬಲಗಡೆ ಹೊಸ ಒಲೆ ಬಂದ ಮನೆ, ಅದೇ ಹೆಂಡತಿ ನಗುತ್ತಿದ್ದಾಳೆ. ಅರ್ಬಾಬರಿಗೆ ಇದು ಬಹಳ ಹಿಡಿಸಿತು. ಆದರೆ ಒಬ್ಬಳೇ ಹೆಂಗಸು ಅಳುವ, ನಗುವ ಫೋಟೋ ಎಲ್ಲಿಂದ ತರುವುದು? ನನ್ನ ಪೆಟ್ಟಿಗೆಯಲ್ಲಿ ಮದುವೆಯ ಆಲ್ಬಮ್ ಇತ್ತು. ಹುಡುಕಿದರೆ ಎರಡೂ ಸಿಕ್ಕಿದವು. ಅಳುವುದರ ಕೆಳಗೆ "ಮೊದಲು", ನಗುವುದರ ಕೆಳಗೆ "ಆಮೇಲೆ" ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿಸಿ ಊರೆಲ್ಲ ಹಂಚಿದೆ. ಅವಳನ್ನು ಕರೆಸುವ ಕೆಲಸದಲ್ಲಿ ಅವಳದ್ದೂ ಸ್ವಲ್ಪ ಪಾಲಿರಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದೇ ವಾರ ಹಮದ್ ಟೌನಿನಿಂದ ಬಹ್ರೈನಿನ ಹಿರಿಯರೊಬ್ಬರು ಆ ಕಾಗದ ಹಿಡಿದುಕೊಂಡು ಬಂದರು. ಮನೆಯಲ್ಲಿ ಹೆಂಡತಿ ಮುನಿಸಿಕೊಂಡು ಮಾತು ಬಿಟ್ಟಿದ್ದಾಳೆ, ಇದು ನಿಜವೋ ಎಂದು ಕೇಳಿದರು. ಎಡಗಡೆಯವಳೇ ಬಲಗಡೆಯವಳು, ಬೇರೆಯವಳಲ್ಲ ಎಂದು ನಾನು ಆಣೆ ಮಾಡಿದೆ. ಅವರು ಒಲೆಯನ್ನು ಪಿಕಪ್ಪಿಗೆ ಹೇರಿಸಿಕೊಂಡು ಹೋದರು.

ಕೆಲವು ದಿನದ ಮೇಲೆ ಅವರು ಮತ್ತೆ ಅಂಗಡಿಗೆ ಬಂದಾಗ ಒಲೆ ವಾಪಸು ತಂದರೋ ಎಂದು ನಾನು ಹೊರಗೆ ಇಣುಕಿದೆ. ಒಲೆ ತಿರುಗಿ ಬರುವುದಿಲ್ಲ ಎಂದು ಖಾತ್ರಿಯಾಗಲಿ ಎಂದು ಅರ್ಬಾಬ್ ವೀಸಾದ ಕಾಗದಕ್ಕೆ ಇನ್ನೂ ಸಹಿ ಹಾಕಿರಲಿಲ್ಲ. ಹೇಗಿದ್ದಾರೆ ಮನೆಯವರು ಎಂದು ಅರ್ಬಾಬರೇ ಕೇಳಿದರು. "ನಗುತ್ತಿದ್ದಾಳೆ. ಒಮ್ಮೆ ಒಲೆ ನೋಡುತ್ತಾಳೆ, ಒಮ್ಮೆ ನನ್ನನ್ನು ನೋಡುತ್ತಾಳೆ, ಬೆಳಗಿನಿಂದ ಸಂಜೆಯವರೆಗೆ ನಗುತ್ತಾಳೆ" ಎಂದರು ಅವರು. ಅರ್ಬಾಬ್ ಆ ಕ್ಷಣವೇ ಪೆನ್ನು ತೆಗೆದರು.

ಅವಳು ಬಂದಳು

ಹೆಂಡತಿ ಬಂದಿಳಿದ ದಿನ ಏರ್‌ಪೋರ್ಟಿಗೆ ಕುಕ್ಕನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ನನ್ನಂಥ ಇಬ್ಬರು ಹಿಡಿಸುವಷ್ಟು ಜಾಗವಿತ್ತು ಆ ಅಂಗಿಯಲ್ಲಿ. ಅವಳ ಪೆಟ್ಟಿಗೆ ಹೊತ್ತು ಟ್ಯಾಕ್ಸಿಗೆ ಹಾಕಿದೆ. ಸ್ವಲ್ಪ ದೂರ ಹೋದ ಮೇಲೆ ಅವಳು ವ್ಯಾನಿಟಿ ಬ್ಯಾಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ತೊಡೆಯ ಮೇಲೆ ಬಿಡಿಸಿಟ್ಟಳು. ನನ್ನ ಜಾಹೀರಾತು. ರಜೆಯಲ್ಲಿ ಊರಿಗೆ ಹೋದ ಯಾರೋ ಪುಣ್ಯಾತ್ಮ ತಲುಪಿಸಿದ್ದ. ಅಳಿಯ ಮಗಳಿಗೆ ಒಂದು ಸರಿಯಾದ ಒಲೆಯನ್ನೂ ಕೊಡಿಸಲಿಲ್ಲವಾ ಎಂದು ನೆರೆಕರೆಯವರು ಮಾವನನ್ನು ಕೇಳಿದ್ದರಂತೆ.

ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಫೋಟೋ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ ಮಾರಾಯ್ರೆ. ಸುಳ್ಳು ಹಾಕಬಾರದಿತ್ತು, ಅಷ್ಟೇ."

"ಎಂತ ಸುಳ್ಳು?"

"ಎರಡೂ ಅದಲುಬದಲಾಗಿದೆ. ಈ ನಗುವುದು ಉಂಟಲ್ಲ, ಇದು ಮದುವೆಯ ಹಿಂದಿನ ದಿನ ತೆಗೆದದ್ದು. ಅಳುವುದು ನಿಮ್ಮ ಮನೆಗೆ ಹೊರಟಾಗ. ಪಕ್ಕದಲ್ಲಿ ನೀವೇ ನಿಂತಿದ್ರಿ, ಕತ್ತರಿಸಿ ತೆಗೆದಿದ್ದೀರಿ."